ಮೂರು ನಿಮಿಷದ ಪಿಯಾನೋ ಯಾಕೆ ಅಳಿಸುತ್ತದೆ?

ಫ್ರೆಂಚ್ ಸಂಯೋಜಕ ಎರಿಕ್ ಸಾತಿಯ ಮೊದಲ ಜಿಮ್ನೊಪೆಡಿಯನ್ನು ನೀವು ಹೆಸರು ಗೊತ್ತಿಲ್ಲದೆಯೇ ಕೇಳಿರುವ ಸಾಧ್ಯತೆ ಜಾಸ್ತಿ. ಸಿನಿಮಾದಲ್ಲಿ, ಜಾಹೀರಾತಿನಲ್ಲಿ, ನಿದ್ದೆ ಬರಿಸುವ ಆ್ಯಪ್‌ಗಳಲ್ಲಿ ಎಲ್ಲ ಕಡೆ ಅದು ಸಿಗುತ್ತದೆ. 1888ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಇಪ್ಪತ್ತು ದಾಟಿದ ಹುಡುಗ ಸಾತಿ ಜಿಮ್ನೊಪೆಡಿ ಅನ್ನುವ ಹೆಸರಿನ ಮೂರು ಪುಟ್ಟ ಪಿಯಾನೋ ರಚನೆಗಳನ್ನು ಬರೆದ. ಇದು ಅವುಗಳಲ್ಲಿ ಮೊದಲನೆಯದು. ಅವಧಿ ಮೂರು ನಿಮಿಷ ಚಿಲ್ಲರೆ. ಅಬ್ಬರ ಇಲ್ಲ, ವೇಗ ಇಲ್ಲ, ಬೆರಳಿನ ಕಸರತ್ತೂ ಇಲ್ಲ. ಕೆಲವು ವರ್ಷ ಪಿಯಾನೋ ಕಲಿತ ಮಗು ಕೂಡ ನುಡಿಸಬಹುದು. ಆದರೂ ಇದನ್ನು ಕೇಳಿ ಕೆಲವರ ಕಣ್ಣು ತುಂಬುತ್ತದೆ. ಕೆಲವರಿಗೆ ಎದೆ ಹಗುರಾದಂತೆ ಅನಿಸುತ್ತದೆ. ಕೆಲವರಿಗೆ ತೀರಿಹೋದ ಅಜ್ಜಿಯೋ ಬಿಟ್ಟುಬಂದ ಊರೋ ನೆನಪಾಗುತ್ತದೆ. ಇನ್ನು ಕೆಲವರು "ಇದರಲ್ಲಿ ಏನೂ ಆಗಲೇ ಇಲ್ವಲ್ಲ" ಅನ್ನುತ್ತಾರೆ.

ಅವೇ ಸ್ವರಗಳಿಗೆ ಇಷ್ಟು ಬೇರೆ ಬೇರೆ ಉತ್ತರ ಹೇಗೆ ಹುಟ್ಟುತ್ತದೆ? ಈ ಪ್ರಶ್ನೆಯನ್ನು ಈಗ ಕೇಳಲೇಬೇಕಾದ ಕಾರಣ ಇದೆ. ಮೆಲ್ಲನೆಯ ಪಿಯಾನೋ ಇವತ್ತು ದೊಡ್ಡ ವ್ಯಾಪಾರ. ಸ್ಟ್ರೀಮಿಂಗ್ ಕಂಪನಿಗಳು ಅದನ್ನು ಓದಿಗೆ, ನಿದ್ದೆಗೆ, ನೆಮ್ಮದಿಗೆ ಅಂತ ಹೆಸರಿಟ್ಟು ಪಟ್ಟಿಪಟ್ಟಿಯಾಗಿ ಕೊಡುತ್ತಿವೆ. ಅಂಥ ಸಂಗೀತವನ್ನು ಯಂತ್ರವೇ ಮಾಡಿಕೊಡುವ ಕಾಲವೂ ಬಂದಿದೆ. ಭಾವವನ್ನು ಹೀಗೆ ತಯಾರಿಸಿ ಕೊಡಬಹುದು ಅಂತ ಇವರೆಲ್ಲ ನಂಬಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಇಂಥ ಸಂಗೀತ ಕೊಡುವ ಭಾವದಲ್ಲಿ ಅರ್ಧ ಪಾಲು ಕೇಳುವವರದ್ದು. ಒಂದು ಸ್ವರ ಆರುತ್ತಾ ಹೋಗುವಾಗ ಮುಂದಿನದಕ್ಕೆ ಕಿವಿ ಕಾಯುತ್ತದಲ್ಲ, ಆ ಕಾಯುವಿಕೆ ಇಲ್ಲದಿದ್ದರೆ ಉಳಿಯುವುದು ಬರೀ ಸದ್ದು.

ಮೊದಲು ಸ್ವರಗಳನ್ನೇ ಹತ್ತಿರದಿಂದ ನೋಡೋಣ. ಪಿಯಾನೋದ ಡಿ ಸ್ವರವನ್ನು ಷಡ್ಜ ಅಂದುಕೊಳ್ಳಿ. ಆಗ ಈ ರಚನೆ ಬಹುಪಾಲು ನಮ್ಮ ಶಂಕರಾಭರಣ ರಾಗದ ಸ್ವರಗಳಲ್ಲೇ ಓಡಾಡುತ್ತದೆ. ಲೆಕ್ಕ ಮೂರು ಏಟಿನದ್ದು. ಮೊದಲ ಏಟಿಗೆ ಎಡಗೈ ಕೆಳಗಿನ ಮಧ್ಯಮವನ್ನು ಒತ್ತುತ್ತದೆ. ಎರಡನೇ ಏಟಿಗೆ ಅದರ ಮೇಲೆ ದ, ಸ, ಗ ಮೂರೂ ಒಟ್ಟಿಗೆ ಬರುತ್ತವೆ. ಮುಂದಿನ ಸುತ್ತಿನಲ್ಲಿ ಕೆಳಗಿನ ಷಡ್ಜ, ಅದರ ಮೇಲೆ ಪ, ನಿ, ಗ. ಮತ್ತೆ ಮಧ್ಯಮ, ಮತ್ತೆ ಷಡ್ಜ. ನಾಲ್ಕು ಸುತ್ತು ಇಷ್ಟೇ. ಐದನೆಯದರಲ್ಲಿ ಬಲಗೈ ಬರುತ್ತದೆ, ಅದೂ ಮೊದಲ ಏಟನ್ನು ಖಾಲಿ ಬಿಟ್ಟು. ಗ ಪ, ಮ ಗ ನಿ, ದ ನಿ ಸ, ಆಮೇಲೆ ಉದ್ದಕ್ಕೆ ಒಂದು ಪ. ಅಲ್ಲಿಂದ ಇಳಿದು, ಶುರುವಾದ ಗಾಂಧಾರಕ್ಕಿಂತ ಒಂದು ಸ್ಥಾಯಿ ಕೆಳಗಿನ ಗಾಂಧಾರದ ಮೇಲೆ ನಿಂತುಬಿಡುತ್ತದೆ. ನಾಲ್ಕು ಸುತ್ತು ಹಾಗೇ ನಿಂತಿರುತ್ತದೆ. ಬಲಗೈಗೆ ಬೇರೆ ಕೆಲಸ ಇಲ್ಲ. ಎಡಗೈ ಮಾತ್ರ ಮಧ್ಯಮಕ್ಕೂ ಷಡ್ಜಕ್ಕೂ ನಡುವೆ ತೂಗುತ್ತಿರುತ್ತದೆ.

ಇಲ್ಲಿ ಎರಡು ಸಂಗತಿ ನಡೆಯುತ್ತಿವೆ. ಒಂದು, ಮನೆ ಯಾವುದು ಅಂತ ಕಿವಿಗೆ ಗಟ್ಟಿಯಾಗುವುದಿಲ್ಲ. ನಮ್ಮ ಸಂಗೀತದಲ್ಲಿ ತಂಬೂರಿ ಮೊದಲ ಕ್ಷಣದಿಂದಲೇ ಷಡ್ಜವನ್ನು ಹಿಡಿದು ಕೊಡುತ್ತದೆ. ಇಲ್ಲಿ ಮಧ್ಯಮವೂ ಮನೆಯಂತೆ ಕೇಳುತ್ತದೆ, ಷಡ್ಜವೂ ಮನೆಯಂತೆ ಕೇಳುತ್ತದೆ. ವೀಣೆ ನುಡಿಸುವ ಗೆಳತಿಯೊಬ್ಬಳು ಇದನ್ನು ಕೇಳಿ "ಶ್ರುತಿ ಎಲ್ಲೋ ಜಾರಿಹೋದ ಹಾಗಿದೆ, ಆದರೆ ಹುಡುಕಬೇಕು ಅಂತಲೂ ಅನಿಸಲ್ಲ" ಅಂದಳು. ನಾನು ಓದಿದ ಎಷ್ಟೋ ವಿವರಣೆಗಿಂತ ಅದು ಸರಿಯಾಗಿತ್ತು. ಎರಡನೆಯದು, ಹೀಗೆ ಒಟ್ಟಿಗೆ ಕೇಳುವ ಸ್ವರಗಳ ಗೊಂಚಲುಗಳೊಳಗೆ ಸಣ್ಣ ತಿಕ್ಕಾಟ ಇದೆ. ಅಡಿಯಲ್ಲಿ ಮಧ್ಯಮ ಇದ್ದಾಗ ಮೇಲೆ ಗಾಂಧಾರ, ಅಡಿಯಲ್ಲಿ ಷಡ್ಜ ಇದ್ದಾಗ ಮೇಲೆ ಕಾಕಲಿ ನಿಷಾದ. ಎರಡೂ ಜೋಡಿಗಳಲ್ಲಿ ಸ್ಥಾಯಿಯನ್ನು ಬಿಟ್ಟು ನೋಡಿದರೆ ಸ್ವರಗಳು ಅರ್ಧ ಹೆಜ್ಜೆ ದೂರ ಅಷ್ಟೆ. ಆ ಕಾಲದ ಯುರೋಪಿನ ಪದ್ಧತಿಯಲ್ಲಿ ಇಂಥ ಬಿಗುವು ಬಂದರೆ ಅದನ್ನು ಸಡಿಲಿಸಿ ಮುಗಿಸಬೇಕು. ಸಾತಿ ಮುಗಿಸುವುದಿಲ್ಲ. ಒಂದು ಬಿಗುವಿನಿಂದ ಇನ್ನೊಂದು ಬಿಗುವಿಗೆ ಹೋಗಿ ಮತ್ತೆ ವಾಪಸ್ ಬರುತ್ತಾನೆ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಗುರುಗಳಿಂದ ಶುದ್ಧ ಸೋಮಾರಿ ಅನ್ನಿಸಿಕೊಂಡಿದ್ದ ಈ ಹುಡುಗನ ಕಿವಿಯಲ್ಲಿ ಎಂಥ ಧೈರ್ಯ ಇತ್ತು ನೋಡಿ.

ಇನ್ನು ಪಿಯಾನೋ. ಈ ವಾದ್ಯದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಕರಗಲು ಶುರುವಾಗುತ್ತದೆ. ಕೊಳಲು, ಪಿಟೀಲು, ಗಂಟಲು ಇವು ಒಂದು ಸ್ವರವನ್ನು ಹಿಡಿದು ಬೆಳೆಸಬಲ್ಲವು. ವೀಣೆಯ ಮೀಟೂ ಆರಿಹೋಗುತ್ತದೆ, ಆದರೆ ತಂತಿಯನ್ನು ಎಳೆದು ಗಮಕದಿಂದ ಅದಕ್ಕೆ ಜೀವ ಕೊಡಬಹುದು. ಪಿಯಾನೋ ವಾದಕನಿಗೆ ಆ ಅವಕಾಶ ಇಲ್ಲ. ಒತ್ತಿದ ಮೇಲೆ ಆ ಸ್ವರವನ್ನು ಬೆಳೆಸುವುದು ಅವನ ಕೈಯಲ್ಲಿಲ್ಲ. ಅದು ಕರಗುವ ರೀತಿಯೂ ವಿಚಿತ್ರ. ಪಿಯಾನೋದ ಬಹಳಷ್ಟು ಸ್ವರಗಳಿಗೆ ಎರಡು ಮೂರು ತಂತಿಗಳಿರುತ್ತವೆ. ಅವು ಒಂದನ್ನೊಂದು ಪ್ರಭಾವಿಸುವುದರಿಂದ ಸದ್ದು ಮೊದಲು ಬೇಗ ಇಳಿಯುತ್ತದೆ, ಆಮೇಲೆ ತೆಳುವಾಗಿ ಬಹಳ ಹೊತ್ತು ಉಳಿಯುತ್ತದೆ. ವೇಗದ ರಚನೆಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ, ಮುಂದಿನ ಸ್ವರ ಬಂದು ಮುಚ್ಚಿಬಿಡುತ್ತದೆ. ನಿಧಾನದ, ಮೆಲುವಾದ ರಚನೆಯಲ್ಲಿ ಕೇಳುವುದಕ್ಕೆ ಇರುವುದೇ ಇದು. ಆ ನಾಲ್ಕು ಸುತ್ತಿನ ಗಾಂಧಾರವನ್ನು ಬರೆದಷ್ಟು ಉದ್ದ ಪಿಯಾನೋ ಗಟ್ಟಿಯಾಗಿ ಹಿಡಿಯಲಾರದು. ಅದು ಇನ್ನೂ ಇದೆಯೋ, ಎಡಗೈಯ ಗೊಂಚಲಿನಲ್ಲಿ ಬರುವ ಅದೇ ಗಾಂಧಾರದಲ್ಲಿ ಬೆರೆತುಹೋಯಿತೋ ಹೇಳಲಾಗುವುದಿಲ್ಲ. ಗಮನ ಕೊಟ್ಟು ಕೇಳುವವರು ಅದನ್ನು ಮನಸ್ಸಿನಲ್ಲೇ ಹಿಡಿದುಕೊಂಡಿರುತ್ತಾರೆ.

ಎಷ್ಟು ನಿಧಾನ ಅನ್ನುವುದೂ ಮುಖ್ಯ. ಸಾತಿ ಕೊಟ್ಟ ಸೂಚನೆ ನಿಧಾನವಾಗಿ, ನೋವಿನಿಂದ ಅಂತ. ಎಷ್ಟು ನಿಧಾನ ಅಂತ ಅಂಕಿ ಕೊಟ್ಟಿಲ್ಲ. ಡಚ್ ವಾದಕ ರೈನ್‌ಬರ್ಟ್ ಡೆ ಲೀವ್ ಇದನ್ನು ಉಳಿದವರಿಗಿಂತ ಎಷ್ಟೋ ನಿಧಾನವಾಗಿ ನುಡಿಸಿದ್ದಾರೆ. ಮಾಮೂಲಿ ವೇಗದಲ್ಲಿ ಇದು ತೂಗುವ ನಡೆ, ಒಂದು ಮಂದ ನೃತ್ಯ. ಅವರ ಕೈಯಲ್ಲಿ ಪ್ರತಿ ಸ್ವರವೂ ಒಂದೊಂದು ಅಗಲಿಕೆ. ಎರಡನ್ನೂ ಹಿಂದೆ ಮುಂದೆ ಕೇಳಿದರೆ, ಇದು ಶಾಂತವೋ ದುಃಖವೋ ಅನ್ನುವ ಜಗಳಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಉಳಿದರ್ಧ ಕೇಳುವವರ ಒಳಗಿದೆ. ಸ್ವೀಡನ್ನಿನ ಮನೋವಿಜ್ಞಾನಿ ಪ್ಯಾಟ್ರಿಕ್ ಯುಸ್ಲಿನ್ ಮತ್ತು ಅವರ ಜೊತೆಗಾರರು 2008ರಲ್ಲಿ ಒಂದು ಒಳ್ಳೆಯ ಮಾತು ಹೇಳಿದರು. ಸಂಗೀತ ಭಾವ ಹುಟ್ಟಿಸುವುದು ಒಂದೇ ದಾರಿಯಲ್ಲಲ್ಲ, ಹಲವು ದಾರಿಗಳಲ್ಲಿ. ದಿಢೀರ್ ಸದ್ದಿಗೆ ಮೈ ಬೆಚ್ಚುವುದು ಒಂದು. ಅಳುವ ದನಿಯಂಥ ಸ್ವರ ಕೇಳಿ ನಮಗೂ ಅಳು ಬರುವುದು ಇನ್ನೊಂದು. ಹಳೆಯ ನೆನಪು, ಕಣ್ಣಮುಂದೆ ಕಟ್ಟುವ ಚಿತ್ರ, ಮುಂದೇನು ಅನ್ನುವ ನಿರೀಕ್ಷೆ ಇವೂ ಬೇರೆ ಬೇರೆ ದಾರಿಗಳು. ಮೆಲ್ಲನೆಯ ಪಿಯಾನೋದಲ್ಲಿ ಬೆಚ್ಚಿಬೀಳುವ ದಾರಿ ಮುಚ್ಚಿದೆ. ಹಾಗಾಗಿ ಉಳಿದ ದಾರಿಗಳಿಗೆ ಜಾಗ ಜಾಸ್ತಿ. ಅದರಲ್ಲೂ ನೆನಪಿಗೆ. ಸಂಗೀತ ಕಡಿಮೆ ಮಾತಾಡಿದಷ್ಟೂ ನಮ್ಮ ಬದುಕು ಒಳಗೆ ಬರುತ್ತದೆ. ಇತ್ತೀಚೆಗೆ ತಾಯಿಯನ್ನು ಕಳೆದುಕೊಂಡವರಿಗೂ, ಪರೀಕ್ಷೆ ಮುಗಿಸಿ ಕೂತವರಿಗೂ ಇದೇ ಮೂರು ನಿಮಿಷ ಬೇರೆ ಬೇರೆಯಾಗಿ ಕೇಳುವುದು ಇದರಿಂದ.

ನಿರೀಕ್ಷೆಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ, ತಮಗೆ ತುಂಬ ಇಷ್ಟವಾದ ಸಂಗೀತ ಕೇಳುವವರ ಮಿದುಳನ್ನು ಪರೀಕ್ಷಿಸಿದರು. ಮೈ ಜುಮ್ಮೆನ್ನುವ ಕ್ಷಣದಲ್ಲಿ ಡೋಪಮೈನ್, ಅಂದರೆ ಸುಖದ ಜೊತೆ ನಂಟಿರುವ ಮಿದುಳಿನ ರಾಸಾಯನಿಕ, ಬಿಡುಗಡೆ ಆಗುತ್ತಿತ್ತು. ಇದು ಅಷ್ಟೇನೂ ಅಚ್ಚರಿ ಅಲ್ಲ. ಆದರೆ ಆ ಕ್ಷಣಕ್ಕೆ ಮೊದಲೇ, ಅದು ಬರುತ್ತಿದೆ ಅಂತ ಕಾಯುವಾಗಲೂ ಮಿದುಳಿನ ಬೇರೊಂದು ಭಾಗದಲ್ಲಿ ಡೋಪಮೈನ್ ಏರುತ್ತಿತ್ತು. ಅಂದರೆ ಕಾಯುವುದೇ ಒಂದು ಸುಖ. ಇಟಲಿಯ ಪಾವಿಯಾದಲ್ಲಿ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಪಕ್ಕದಲ್ಲಿಟ್ಟು ನೋಡುವಂಥದ್ದು. ಅವರು 24 ಜನರಿಗೆ ಬೇರೆ ಬೇರೆ ಬಗೆಯ ಸಂಗೀತ ಕೇಳಿಸಿ ಹೃದಯ ಬಡಿತ, ರಕ್ತದೊತ್ತಡ, ಉಸಿರಾಟ ಅಳೆದರು. ಅದರಲ್ಲಿ ನಮ್ಮ ರಾಗಸಂಗೀತವೂ ಇತ್ತು. ಯಾವ ಬಗೆಯ ಸಂಗೀತ ಅನ್ನುವುದಕ್ಕಿಂತ ಅದರ ವೇಗವೇ ಮೈಮೇಲೆ ಜಾಸ್ತಿ ಪರಿಣಾಮ ಮಾಡಿತು. ಎಲ್ಲಕ್ಕಿಂತ ಹೆಚ್ಚು ವಿಶ್ರಾಂತಿ ಕಂಡದ್ದು ಮಾತ್ರ ಮಧ್ಯೆ ಬಿಟ್ಟಿದ್ದ ಎರಡು ನಿಮಿಷದ ಮೌನದಲ್ಲಿ! ಸಂಗೀತ ಕೇಳಿದ ಕಿವಿಗೆ ಸಿಕ್ಕ ಮೌನ ಅದು. ಸುಮ್ನೆ ಕೂತಾಗಿನ ಮೌನಕ್ಕಿಂತ ಬೇರೆ. ಸಾತಿ ಬಿಡುವ ಖಾಲಿ ಏಟುಗಳು ಇಷ್ಟು ಕೆಲಸ ಮಾಡುವುದು ಯಾಕೆ ಅಂತ ಇದರಿಂದ ಸ್ವಲ್ಪ ಅಂದಾಜಾಗುತ್ತದೆ.

ದುಃಖದ ಪ್ರಶ್ನೆ ಇದಕ್ಕಿಂತ ಹಳೆಯದು. ಅಳು ಬರಿಸುವ ಸಂಗೀತವನ್ನು ಜನ ಮತ್ತೆ ಮತ್ತೆ ಯಾಕೆ ಹಾಕಿಕೊಳ್ಳುತ್ತಾರೆ? ಅಳುವಾಗ ನೋವು ತಣಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಬರಬಹುದು, ನಿಜವಾದ ನಷ್ಟ ಆಗಿರುವುದಿಲ್ಲವಾದ್ದರಿಂದ ತಣಿವಷ್ಟೇ ಉಳಿಯಬಹುದು ಅಂತ ಅಮೆರಿಕದಲ್ಲಿದ್ದ ಸಂಶೋಧಕ ಡೇವಿಡ್ ಹ್ಯೂರನ್ ಊಹಿಸಿದ್ದರು. ಕೇಳಲು ಚೆನ್ನಾಗಿದೆ, ಆದರೆ ಆಮೇಲೆ ಪರೀಕ್ಷೆ ಮಾಡಿದಾಗ ಅದಕ್ಕೆ ಬೆಂಬಲ ಸಿಗಲಿಲ್ಲ. ನನಗೆ ಹೆಚ್ಚು ಹತ್ತಿರ ಅನಿಸುವುದು ಲಿಲಾ ತರುಫಿ ಮತ್ತು ಸ್ಟೆಫಾನ್ ಕೋಲ್ಶ್ 2014ರಲ್ಲಿ ಪ್ರಕಟಿಸಿದ ಸಮೀಕ್ಷೆ. ದುಃಖದ ಸಂಗೀತ ನಿಮ್ಮಲ್ಲಿ ಏನು ಹುಟ್ಟಿಸುತ್ತದೆ ಅಂತ 772 ಜನರನ್ನು ಕೇಳಿದರು. ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ ದುಃಖ ಅಲ್ಲ, ಹಳೆಯದರ ಹಂಬಲ. ಬೇರೆ ಅಧ್ಯಯನಗಳು ಇನ್ನೊಂದು ಮಾತು ಸೇರಿಸುತ್ತವೆ. ಬೇರೆಯವರ ನೋವಿಗೆ ಬೇಗ ಮಿಡಿಯುವವರು ಇಂಥ ಸಂಗೀತಕ್ಕೆ ಜಾಸ್ತಿ ಕರಗುತ್ತಾರೆ.

ಇದನ್ನೆಲ್ಲ ಓದುವಾಗ ನಮ್ಮ ರಸಚರ್ಚೆ ನೆನಪಾಗದೆ ಇರುವುದಿಲ್ಲ. ಕರುಣರಸದಿಂದ ಆನಂದ ಹೇಗೆ ಅಂತ ನಮ್ಮ ಆಲಂಕಾರಿಕರು ಸಾವಿರ ವರ್ಷಕ್ಕೂ ಹಿಂದಿನಿಂದ ತಲೆ ಕೆಡಿಸಿಕೊಂಡಿದ್ದರು. ಕಾಶ್ಮೀರದ ಅಭಿನವಗುಪ್ತನ ದಾರಿಯಲ್ಲಿ ಹೇಳುವುದಾದರೆ, ರಂಗದ ಮೇಲಿನ ಶೋಕ ನನ್ನದೂ ಅಲ್ಲ, ಪಕ್ಕದವನದ್ದೂ ಅಲ್ಲ. ಅದು ಯಾರದ್ದೂ ಅಲ್ಲದ್ದರಿಂದಲೇ ಎಲ್ಲರದ್ದೂ ಆಗುತ್ತದೆ, ಅದರಲ್ಲಿ ಮುಳುಗಿ ಏಳಬಹುದು. ಜಿಮ್ನೊಪೆಡಿಯ ವಿಷಯದಲ್ಲಿ ಈ ಮಾತು ಅರ್ಧ ಸರಿ. ಅಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಸಾಹಿತ್ಯವಿಲ್ಲ. ಖಾಲಿ ಜಾಗಕ್ಕೆ ನಮ್ಮದೇ ಶೋಕ ಬಂದು ಕೂರುತ್ತದೆ. ಆದರೆ ಸ್ವರಗಳು ಅದನ್ನು ಕೆದಕುವುದಿಲ್ಲ, ಸಮಾಧಾನವೂ ಹೇಳುವುದಿಲ್ಲ. ನೋವಿನ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕೂರಲು ಬಿಡುತ್ತವೆ. ನಿಜ ಬದುಕಿನಲ್ಲಿ ನಮಗೆ ಹಾಗೆ ಕೂರಲು ಬಿಡುವವರು ಕಡಿಮೆ ಅಲ್ವಾ?

ಶಾಂತದ ವಿಷಯವೂ ಇದೆ. ನಾಟ್ಯಶಾಸ್ತ್ರದ ಭರತ ಹೇಳಿದ್ದು ಎಂಟೇ ರಸ ಅನ್ನುವುದು ಸಾಮಾನ್ಯ ಅಭಿಪ್ರಾಯ. ಶಾಂತ ಒಂಬತ್ತನೆಯದಾಗಿ ಸೇರಿದ್ದು ಆಮೇಲೆ, ಅದೂ ಬಹಳ ವಾದವಿವಾದದ ನಂತರ. ಏನೂ ಕಲಕದ ಸ್ಥಿತಿಯನ್ನು ರಸ ಅನ್ನುವುದು ಹೇಗೆ ಅನ್ನುವುದು ವಿರೋಧಿಸಿದವರ ಪ್ರಶ್ನೆ. 1999ರಲ್ಲಿ ಕೆನಡಾದ ಸಂಶೋಧಕರು ಹಿಂದುಸ್ತಾನಿ ರಾಗಗಳನ್ನು, ಅವುಗಳ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿದರು. ಸಂತೋಷ, ದುಃಖ, ಕೋಪ ಯಾವುದು ಅಂತ ಅವರು ಗುರುತಿಸಿದರು. ಕೈಕೊಟ್ಟದ್ದು ಶಾಂತ. ಸಂತೋಷ, ದುಃಖಗಳಿಗೆ ವೇಗ, ಏರಿಳಿತದಂಥ ಗುರುತುಗಳಿವೆ, ಅವು ಗಡಿ ದಾಟುತ್ತವೆ. ಶಾಂತಕ್ಕೂ ದುಃಖಕ್ಕೂ ಮೇಲುನೋಟದ ಲಕ್ಷಣಗಳು ಹೆಚ್ಚುಕಡಿಮೆ ಅವೇ: ನಿಧಾನ, ಮೆಲುದನಿ, ಕಡಿಮೆ ಸ್ವರ. ಮೆಲ್ಲನೆಯ ಪಿಯಾನೋ ಕೇಳಿ ಒಬ್ಬರು ಅಳುವುದೂ ಇನ್ನೊಬ್ಬರು ನೆಮ್ಮದಿಯಿಂದ ಕಣ್ಣು ಮುಚ್ಚುವುದೂ ಇದೇ ಗಡಿಯ ಮೇಲೆ. ಇಬ್ಬರೂ ಸರಿಯಾಗಿಯೇ ಕೇಳಿದ್ದಾರೆ.

ಏನೂ ಅನಿಸಲಿಲ್ಲ ಅನ್ನುವವರಿಗೂ ಒಂದು ಮಾತು. ಸ್ವರ ಗೊತ್ತಾಗುತ್ತದೆ, ದುಃಖದ್ದೋ ಸಂತೋಷದ್ದೋ ಅಂತಲೂ ತಿಳಿಯುತ್ತದೆ, ಆದರೆ ಸಂಗೀತದಿಂದ ಸುಖ ಸಿಗುವುದಿಲ್ಲ ಅನ್ನುವ ಜನ ಇದ್ದಾರೆ ಅಂತ ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ತೋರಿಸಿದರು. ಬೇರೆ ಸುಖಗಳಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಅವರನ್ನು ಮನಸ್ಸಿಲ್ಲದವರು ಅನ್ನುವುದು ತಪ್ಪು.

ಈಗ ವ್ಯಾಪಾರದ ಕಡೆ ಬರೋಣ. ಇಲ್ಲಿ ಮತ್ತೆ ಸಾತಿಯೇ ಸಿಗುತ್ತಾನೆ. ಕೇಳುವುದಕ್ಕಲ್ಲ, ಸುಮ್ನೆ ಕೋಣೆಯಲ್ಲಿ ಇರುವುದಕ್ಕೆ ಅಂತ ಸಂಗೀತ ಬರೆಯುವ ಯೋಚನೆ ಅವನದ್ದೇ. ಮೇಜು ಕುರ್ಚಿಯ ಹಾಗೆ ಅದೂ ಒಂದು ಪೀಠೋಪಕರಣ ಅಂದ. 1920ರ ಮಾರ್ಚ್ 8ರಂದು ಪ್ಯಾರಿಸ್ಸಿನ ಒಂದು ಕಲಾ ಗ್ಯಾಲರಿಯಲ್ಲಿ, ನಾಟಕದ ಬಿಡುವಿನ ಹೊತ್ತಿನಲ್ಲಿ ಅದನ್ನು ನುಡಿಸಿದರು. ಅವನ ಜೊತೆಗಿದ್ದ ಸಂಗೀತಗಾರ ದಾರಿಯುಸ್ ಮಿಯೊ ನಡೆದದ್ದನ್ನು ಬರೆದಿಟ್ಟಿದ್ದಾನೆ. ವಾದ್ಯಗಳು ಶುರುವಾದ ಕೂಡಲೇ ಜನ ಮಾತು ನಿಲ್ಲಿಸಿ ವಾಪಸ್ ಬಂದು ಕೂತುಬಿಟ್ಟರು. ಮಾತಾಡಿ, ಓಡಾಡಿ, ಕೇಳಬೇಡಿ ಅಂತ ಸಾತಿ ಕೂಗಿ ಹೇಳಿದರೂ ಯಾರೂ ಏಳಲಿಲ್ಲ. 1920ರಲ್ಲಿ ಸಂಗೀತ ಕೇಳಿಸಿದರೆ ಜನ ಕೇಳುತ್ತಿದ್ದರು. ಅವನ ಆಸೆ ಈಡೇರಲು ನೂರು ವರ್ಷ ಬೇಕಾಯಿತು.

ಈಗ ಸ್ಪಾಟಿಫೈಯ ಪೀಸ್‌ಫುಲ್ ಪಿಯಾನೋ ಪಟ್ಟಿಯೊಂದಕ್ಕೇ ಲಕ್ಷಗಟ್ಟಲೆ ಜನ ಅಂಟಿಕೊಂಡಿದ್ದಾರೆ. ಇಂಥ ಪಟ್ಟಿಗಳಲ್ಲಿ ಗಮನ ಸೆಳೆಯದಿರುವುದೇ ಅರ್ಹತೆ. ಸ್ವೀಡನ್ನಿನ ದಾಗೆನ್ಸ್ ನ್ಯೂಹೆಟರ್ ಪತ್ರಿಕೆ 2024ರಲ್ಲಿ ಒಂದು ವಿಷಯ ಹೊರಗೆ ತಂದಿತು. ಯೊಹಾನ್ ರೋರ್ ಅನ್ನುವ ಒಬ್ಬನೇ ಸಂಯೋಜಕ 650ಕ್ಕೂ ಹೆಚ್ಚು ಹೆಸರುಗಳಲ್ಲಿ 2,700ಕ್ಕೂ ಹೆಚ್ಚು ತುಣುಕುಗಳನ್ನು ಹಾಕಿದ್ದ. ಒಟ್ಟು ಸುಮಾರು 1,500 ಕೋಟಿ ಸಲ ಅವು ಪ್ಲೇ ಆಗಿದ್ದವು. ಅವನು ಕೆಟ್ಟ ಸಂಗೀತಗಾರ ಅಂತ ನಾನು ಹೇಳುತ್ತಿಲ್ಲ. ಆದರೆ ಅಷ್ಟೂ ಕೇಳುಗರಲ್ಲಿ ಇದು ಯಾರ ಕೈ ಅಂತ ತಿಳಿಯಬೇಕು ಅನಿಸಿದವರು ಎಷ್ಟು ಜನ ಇದ್ದಾರು? ಮುಂದಿನ ಹೆಜ್ಜೆಗೆ ಕೈಯೇ ಬೇಡ. ಫ್ರಾನ್ಸಿನ ಸ್ಟ್ರೀಮಿಂಗ್ ಕಂಪನಿ ಡೀಜರ್ 2025ರ ನವೆಂಬರ್‌ನಲ್ಲಿ, ತನಗೆ ದಿನವೂ ಪೂರ್ತಿ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಸುಮಾರು 50,000 ಟ್ರ್ಯಾಕ್‌ಗಳು ಬರುತ್ತಿವೆ ಅಂದಿತು. ಅದು 8 ದೇಶಗಳ 9,000 ಜನರ ನಡುವೆ ಮಾಡಿಸಿದ ಸಮೀಕ್ಷೆಯಲ್ಲಿ 97 ಶೇಕಡಾ ಜನಕ್ಕೆ ಯಂತ್ರದ್ದು ಯಾವುದು, ಮನುಷ್ಯರದ್ದು ಯಾವುದು ಅಂತ ಗೊತ್ತಾಗಲಿಲ್ಲ.

ಇದನ್ನು ಓದಿ, ಹಾಗಾದರೆ ಆ ಕಣ್ಣೀರೂ ಸುಳ್ಳಾ ಅಂತ ಕೇಳುವವರಿದ್ದಾರೆ. ಕಣ್ಣೀರು ಸುಳ್ಳಲ್ಲ. ಅದು ಬರುವುದು ನಮ್ಮ ನೆನಪಿನಿಂದ, ನಮ್ಮ ಗಮನದಿಂದ. ಯಂತ್ರ ಮಾಡಿದ ಸ್ವರಕ್ಕೂ ಅದು ಬರಬಹುದು. ನನಗೆ ಚಿಂತೆ ಇರುವುದು ಬೇರೆ ಕಡೆ. ಇಡೀ ದಿನ ಕಿವಿಯಲ್ಲಿ ಮೆಲ್ಲನೆಯ ಪಿಯಾನೋ ಓಡುತ್ತಿದ್ದರೆ, ಅದನ್ನು ಕೇಳದೆ ಇರುವುದನ್ನು ಕಿವಿ ಕಲಿಯುತ್ತದೆ. ಕೇಳದ ಕಿವಿಗೆ ಸಾತಿಯ ನಾಲ್ಕು ಸುತ್ತಿನ ಗಾಂಧಾರ ಸಿಗುವುದಿಲ್ಲ. ಅವನು ತೀರಿಕೊಂಡದ್ದು 1925ರಲ್ಲಿ. ರಚನೆಯ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಯಾರು ಬೇಕಾದರೂ ಧ್ವನಿಮುದ್ರಿಸಿ ಪಟ್ಟಿಗೆ ಸೇರಿಸಬಹುದು. ಹಾಗಾಗಿ ಆ ಪ್ರವಾಹದ ನಡುವೆ ಅವನದ್ದೂ ಹೋಗುತ್ತಿರುತ್ತದೆ, ನಿದ್ದೆಗೆ ಒಳ್ಳೆಯದು ಅನ್ನುವ ಚೀಟಿ ಹಚ್ಚಿಕೊಂಡು. ನುಡಿಸಿದವರ ಹೆಸರನ್ನೂ ಯಂತ್ರದ್ದಾದರೆ ಆ ಮಾತನ್ನೂ ಕಾಣುವಂತೆ ಹಾಕುವುದು ಕಂಪನಿಗಳು ಮಾಡಬೇಕಾದ ಕನಿಷ್ಠ ಕೆಲಸ. ಡೀಜರ್ ಯಂತ್ರದ ಟ್ರ್ಯಾಕ್‌ಗಳಿಗೆ ಗುರುತು ಹಾಕಲು ಶುರುಮಾಡಿದೆ. ಉಳಿದವರೂ ಹಾಕಲಿ.

ಕೇಳುವವರು ಮಾಡಬಹುದಾದ್ದು ಒಂದಿದೆ, ಸಣ್ಣದು. ಈ ರಚನೆ ಎರಡು ಸಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತದೆ. ಮೊದಲ ಸಲ ಕೊನೆಗೆ ತೆರೆದುಕೊಂಡು ಬೆಳಕಾಗುತ್ತದೆ. ಎರಡನೇ ಸಲ ಅದೇ ಜಾಗಕ್ಕೆ ಬಂದಾಗ ಅಂತರ ಗಾಂಧಾರದ ಬದಲು ಸಾಧಾರಣ ಗಾಂಧಾರ ಬರುತ್ತದೆ. ಅರ್ಧ ಹೆಜ್ಜೆ ಕೆಳಗೆ, ಅಷ್ಟೆ. ಅಲ್ಲಿಗೆ ಇಡೀ ರಚನೆಯ ಬಣ್ಣ ಬದಲಾಗಿ, ಮಂಕಾದ ಗೊಂಚಲಿನ ಮೇಲೆ ಮುಗಿಯುತ್ತದೆ. ಅಳು ಬರುವವರಿಗೆ ಬಹುಶಃ ಇಲ್ಲೇ ಬರುತ್ತದೆ. ಈ ಕೊನೆಯ ಗೊಂಚಲು ಆರಲು ಕೆಲವು ಸೆಕೆಂಡು ಬೇಕು. ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಮುಂದಿನ ಹಾಡು ಅದರ ಮೇಲೆ ಹತ್ತಿ ಬರುತ್ತದೆ. ಅದನ್ನು ಆಫ್ ಮಾಡಿ, ಪಟ್ಟಿಯಿಂದ ಹೊರಗೆ ತೆಗೆದು, ಇದೊಂದನ್ನೇ ಪೂರ್ತಿ ಕೇಳಿ.